ಮಾವನವರೂ ಏಳು ಕಾಲಿನ ಜೇಡವೂ

ನಮ್ಮ ಮಾವನವರು ತಮ್ಮ ಬದುಕಿನುದ್ದಕ್ಕೂ ಆಡಿದ ಮಾತುಗಳನ್ನೆಲ್ಲ ಗುಡಿಸಿ ರಾಶಿ ಹಾಕಿದರೂ ಅದು ನನ್ನ ಅತ್ತೆಯವರ ಒಂದು ಮಧ್ಯಾಹ್ನದ ಹರಟೆಗೆ ಸಾಲುತ್ತಿರಲಿಲ್ಲ! ಉತ್ಪ್ರೇಕ್ಷೆ ಎನ್ನುತ್ತೀರಾ? ಹೆಣ್ಣು ನೋಡಲು ಬಂದ ದಿನ ನಾನು ಹಾಡಿದೆ, ಉಪ್ಪಿಟ್ಟು ಕೊಟ್ಟೆ, ನಮ್ಮಪ್ಪ ವಂಶದ ಚರಿತ್ರೆಯನ್ನು ಮುಕ್ಕಾಲು ಗಂಟೆ ಹೇಳಿದರು. ಎಲ್ಲ ಮುಗಿದ ಮೇಲೆ ಮಾವನವರು ಎದ್ದು ನಿಂತು, "ಒಪ್ಪಿಗೆ. ದಿನ ತಿಳಿಸಿ" ಎಂದರು. ಮೂರು ಪದ. ನನ್ನ ಮದುವೆ ನಿಶ್ಚಯವಾದದ್ದು ಹೀಗೆ.

ತಪ್ಪು ಅವರದಲ್ಲ. ಮೂವತ್ತೈದು ವರ್ಷ ಹಾಸನದ ತಾರು ಕಚೇರಿಯಲ್ಲಿ, ಪದಕ್ಕಿಷ್ಟು ಎಂದು ದುಡ್ಡು ತೆಗೆದುಕೊಳ್ಳುವ ಟೆಲಿಗ್ರಾಂ ಮೇಜಿನಲ್ಲಿ ಕೂತು ಜನರ ಸುಖದುಃಖಗಳಿಂದ ಹೆಚ್ಚಿನ ಪದಗಳನ್ನು ಕತ್ತರಿಸಿ ಹಾಕಿದವರು ಅವರು. "ನಮ್ಮ ಪೂಜ್ಯ ತಂದೆಯವರಿಗೆ ಮೈಯಲ್ಲಿ ಸ್ವಲ್ಪವೂ ಚೆನ್ನಾಗಿಲ್ಲವಾದ್ದರಿಂದ" ಎಂದು ಅಳುತ್ತ ಬಂದವನ ಕೈಯಿಂದ ಕಾಗದ ಕಸಿದು "ತಂದೆ ಗಂಭೀರ, ಹೊರಡು" ಎಂದು ಬರೆದು ಕೊಡುತ್ತಿದ್ದರಂತೆ. ನಿವೃತ್ತಿಯ ನಂತರವೂ ಕತ್ತರಿ ಕೈಬಿಡಲಿಲ್ಲ. ಮಾತಾಡುವ ಮುಂಚೆ ಬೆರಳುಗಳ ಮೇಲೆ ಪದ ಎಣಿಸುತ್ತಿದ್ದರು. ಐದು ದಾಟಿದರೆ ಆ ಮಾತನ್ನೇ ಬಿಟ್ಟುಬಿಡುತ್ತಿದ್ದರು.

ನಾನೋ, ಹತ್ತು ವರ್ಷ ವಸತಿ ಶಾಲೆಯ ಗಂಟೆಗೆ ಎದ್ದು, ಗಂಟೆಗೆ ಉಂಡು, ಗಂಟೆಗೆ ಮಲಗಿ ಬೆಳೆದವಳು. ಈಗಲೂ ನನ್ನ ಮನೆಯ ಗೋಡೆಯ ಮೇಲೆ ದಿನಚರಿಯ ಹಾಳೆ ಇರುತ್ತದೆ. ಐದಕ್ಕೆ ಏಳುವುದು, ಐದೂ ಕಾಲಿಗೆ ಹಾಲು, ಐದೂವರೆಗೆ ಕಸ. ಇದನ್ನು ನೋಡಿ ನಗುವವರಿದ್ದಾರೆ. ನಗಲಿ. ಅವರ ಮನೆಯಲ್ಲಿ ಕತ್ತರಿ ಬೇಕಾದಾಗ ಸಿಗುತ್ತದೆಯೇ ಕೇಳಿ ನೋಡಿ!

ಎಂಬತ್ತರ ದಶಕದ ಕೊನೆಯಲ್ಲಿ ಬ್ಯಾಂಕಿನಲ್ಲಿ ನನಗೆ ಬಡ್ತಿ ಸಿಕ್ಕಿತು, ಜೊತೆಗೆ ವಿಶಾಖಪಟ್ಟಣವೂ ಸಿಕ್ಕಿತು. ಅದೇ ಬ್ಯಾಂಕಿನಲ್ಲಿದ್ದ ನಮ್ಮ ಯಜಮಾನರಿಗೆ ವಿಜಯವಾಡ. ಗಂಡಹೆಂಡಿರನ್ನು ಒಂದೇ ರಾಜ್ಯಕ್ಕೆ ಹಾಕಿದ್ದೇವಲ್ಲ ಎಂದು ಮೇಲಿನವರಿಗೆ ಪರಮ ಸಮಾಧಾನ. ನಡುವೆ ಏಳು ಗಂಟೆಯ ರೈಲು ಇರುವುದು ಅವರಿಗೇನು ಗೊತ್ತು? ಯಜಮಾನರು ಶನಿವಾರ ಬಂದು ಭಾನುವಾರ ಹೋಗುತ್ತಿದ್ದರು. ಉಳಿದ ದಿನ ನನ್ನ ಕಾವಲಿಗೆ ಯಾರು? ಅತ್ತೆಯವರು ತೀರಿಕೊಂಡು ಎರಡು ವರ್ಷವಾಗಿತ್ತು. ಮಾವನವರು ಒಂದು ಚೀಲ ಹಿಡಿದು ಎಂವಿಪಿ ಕಾಲೋನಿಯ ನನ್ನ ಬಾಡಿಗೆ ಮನೆಗೆ ಬಂದಿಳಿದರು. "ಬಂದೆ" ಎಂದರು. ಅದನ್ನು ನಾನೇ ನೋಡುತ್ತಿದ್ದೆನಲ್ಲ, ಆ ಪದವೂ ದಂಡವೇ!

ನವೆಂಬರಿನಲ್ಲಿ ಸಮುದ್ರದ ಕಡೆಯಿಂದ ನಾಲ್ಕು ದಿನ ಬಿಡದೆ ಗಾಳಿಮಳೆ ಹೊಡೆಯಿತು. ಐದನೆಯ ದಿನ ಬಿಸಿಲು ಬಿತ್ತು. ನನ್ನ ಹಾಳೆಯ ಪ್ರಕಾರ ಅದು ಟ್ರಂಕಿನ ಬಟ್ಟೆಗಳನ್ನು ಬಿಸಿಲಿಗೆ ಹಾಕುವ ಭಾನುವಾರ. ಮಳೆಗೆ ರೈಲು ನಿಂತು ಯಜಮಾನರು ಆ ವಾರ ಬಂದಿರಲಿಲ್ಲ. ಟ್ರಂಕಿನ ಮುಚ್ಚಳ ಎತ್ತಿದೆ. ನನ್ನ ಧಾರೆ ಸೀರೆಯ ಮೇಲೆ, ಜರಿಯ ನಡುವೆ, ಸಾಂಬಾರಿನ ಸೌಟಿನಗಲದ ಒಂದು ಜೇಡ ಕೂತಿತ್ತು! ಮನೆಯ ಮೂಲೆಯಲ್ಲಿ ಬಲೆ ಕಟ್ಟುವ ಪಾಪದ ಜೇಡವಲ್ಲ. ಮೈತುಂಬ ರೋಮ, ಬೂದು ಬಣ್ಣ, ಕಾಲಿನ ಮೇಲೆ ಪಟ್ಟೆ. ಕಾಲೋನಿಯ ಹಿಂದಿನ ಗುಡ್ಡದ ಮರದ ಪೊಟರೆಯಲ್ಲಿರುವ ಜಾತಿ, ಮಳೆಗೆ ಮನೆ ಕಳೆದುಕೊಂಡು ನನ್ನ ಟ್ರಂಕಿಗೆ ಬಂದಿತ್ತು. ನಾನು ಕಿರುಚಿ ಮುಚ್ಚಳ ಬಿಟ್ಟೆ. ಅಷ್ಟರಲ್ಲಿ ಅದು ಹೊರಗೆ ಹಾರಿತ್ತು, ಮುಕ್ಕಾಲು ಭಾಗ ಮಾತ್ರ.

ಮಾವನವರು ಬಂದು ನೋಡಿದರು. ನೆಲದ ಮೇಲೆ ಜೇಡ, ಟ್ರಂಕಿನ ಅಂಚಿನಲ್ಲಿ ಅದರ ಒಂದು ಕಾಲು.

"ಪೊರಕೆ ತರ್ತೀನಿ, ಹೊಡೆದುಬಿಡಿ ಮಾವ!" ಎಂದೆ.

ಅವರು ಬೆರಳೆಣಿಸಿದರು. "ನೀನು ಮುರಿದದ್ದು. ನಾವು ರಿಪೇರಿ ಮಾಡಬೇಕು."

"ಮಾವ, ಅದು ಕಚ್ಚುತ್ತೆ!"

ಜೇಡ ಹಿಂದಕ್ಕೆ ಬಾಗಿ ಮುಂದಿನ ಕಾಲುಗಳನ್ನು ಮೇಲೆತ್ತಿ ಕೋರೆ ತೋರಿಸಿತು. ಮಾವನವರು ಪ್ರಸನ್ನರಾಗಿ, "ನಮಸ್ಕಾರ ಮಾಡ್ತಿದೆ" ಎಂದರು.

ಅಲ್ಲಿಂದ ಶುರುವಾಯಿತು ನೋಡಿ ನನ್ನ ಮನೆಯ ಆಸ್ಪತ್ರೆ! ಮುರಿದ ಜಾಗದಿಂದ ತಿಳಿನೀಲಿ ನೀರಿನಂಥದ್ದು ಜಿನುಗುತ್ತಿತ್ತು. ಅದು ಅದರ ರಕ್ತವಂತೆ. ಮಾವನವರು ರಂಗೋಲಿಗೆಂದು ನಾನು ಇಟ್ಟಿದ್ದ ಅಕ್ಕಿ ಹಿಟ್ಟನ್ನು ಹತ್ತಿಯ ತುದಿಗೆ ಅದ್ದಿ, ಉದ್ದನೆಯ ಊದುಬತ್ತಿ ಕಡ್ಡಿಗೆ ಸಿಕ್ಕಿಸಿ, ದೂರದಿಂದ ಮೆತ್ತಿದರು. ಜಿನುಗು ನಿಂತಿತು. ಮೂವತ್ತೈದು ವರ್ಷ ತಾರಿನ ಕೀಲಿ ಒತ್ತಿದ ಬೆರಳು, ನಡುಗಲೇ ಇಲ್ಲ.

ವಾರ್ಡು ಯಾವುದು? ವರ್ಗಾವಣೆಯ ಜನ ನಾವು, ಯಾವ ಸಾಮಾನಿನ ರಟ್ಟಿನ ಪೆಟ್ಟಿಗೆಯನ್ನೂ ಎಸೆಯುವವರಲ್ಲ. ಮುಂದಿನ ಊರಿಗೆ ಹೋಗುವಾಗ ಬೇಕಲ್ಲ! ಅಟ್ಟದ ಮೇಲೆ ಚೀಟಿ ಅಂಟಿಸಿ, ಸಾಲಾಗಿ ಜೋಡಿಸಿಟ್ಟಿದ್ದೆ. ಮಾವನವರು ಸಾಲನ್ನು ಪರಿಶೀಲಿಸಿ ಮಿಕ್ಸಿಯ ಪೆಟ್ಟಿಗೆಯನ್ನು ಆರಿಸಿದರು. ತಳಕ್ಕೆ ಮಣ್ಣು, ಮೂಲೆಗೆ ಒಂದು ತೊಗಟೆ, ಔಷಧಿ ಬಾಟಲಿಯ ಮುಚ್ಚಳದಲ್ಲಿ ನೀರು, ಮೇಲೆ ತೂತು ಮಾಡಿದ ಮುಚ್ಚಳ, ಅದರ ಮೇಲೆ ನನ್ನ ಇಸ್ತ್ರಿ ಪೆಟ್ಟಿಗೆಯ ಭಾರ. ತಮ್ಮ ಕೋಣೆಯ ಕತ್ತಲ ಮೂಲೆಯಲ್ಲಿಟ್ಟು ನಿಯಮ ಹೊರಡಿಸಿದರು: "ಮುಟ್ಟಬೇಡಿ. ಕದಲಿಸಬೇಡಿ. ಬೆಳಕು ಬೇಡ." ಜೇಡಕ್ಕೆ ಅವರು ಇಟ್ಟ ಹೆಸರು "ಪಾರ್ಟಿ". ತಾರು ಯಾರಿಗೆ ಸೇರಬೇಕೋ ಅವರನ್ನು ಹಾಗೆ ಕರೆದು ಅಭ್ಯಾಸ.

ಮರುದಿನ ನನ್ನ ದಿನಚರಿಯ ಹಾಳೆಯಲ್ಲಿ ಕೆಂಪು ಶಾಯಿಯ ಹೊಸ ಸಾಲು ಕಂಡಿತು: ಐದೂ ಇಪ್ಪತ್ತು, ಪಾರ್ಟಿ, ನೀರು. ಹಾಲಿಗೂ ಕಸಕ್ಕೂ ನಡುವೆ! ಇಂಥ ಅತಿಕ್ರಮಣವನ್ನು ನಾನು ಹೆತ್ತ ತಾಯಿಯಿಂದಲೂ ಸಹಿಸಿರಲಿಲ್ಲ.

ಎರಡು ದಿನದ ನಂತರ ಊಟದ ಪ್ರಶ್ನೆ ಬಂತು.

"ಜಿರಳೆ ಬೇಕು" ಎಂದರು.

"ನಮ್ಮ ಮನೆಯಲ್ಲಿ ಜಿರಳೆ ಇಲ್ಲ ಮಾವ" ಎಂದೆ. ಆ ಮಾತನ್ನು ಎಂದೂ ಹೆಮ್ಮೆಯಿಂದಲೇ ಹೇಳಿಕೊಂಡು ಬಂದವಳು ನಾನು. ಮಾವನವರು ನನ್ನನ್ನು ಹೀಗೆ ನೋಡಿದರು, ಮನೆಯಲ್ಲಿ ಅಕ್ಕಿಯಿಲ್ಲ ಎಂದ ಸೊಸೆಯನ್ನು ನೋಡುವ ಹಾಗೆ.

ಎದುರು ಮನೆಯಲ್ಲಿ ಒಬ್ಬ ತೆಲುಗು ಮೇಡಂ ಇದ್ದರು. ಬಹಳ ಮರ್ಯಾದಸ್ಥರು, ಕಾಲೇಜಿನಲ್ಲಿ ಲೆಕ್ಚರರ್. ನಾನು ಬ್ಯಾಂಕಿಗೆ ಹೊರಟು ಚಪ್ಪಲಿ ಹಾಕಿಕೊಳ್ಳುತ್ತಿದ್ದೆ. ಮಾವನವರು ಆಕೆಯ ಬಾಗಿಲು ತಟ್ಟಿದ್ದು ಕಂಡಿತು. ಅವರ ತೆಲುಗು ಕನ್ನಡಕ್ಕಿಂತಲೂ ಚಿಕ್ಕದು.

"ಮೀ ಇಂಟ್ಲೋ ಬೊದ್ದಿಂಕಲು ಉನ್ನಾಯಾ?" ನಿಮ್ಮ ಮನೆಯಲ್ಲಿ ಜಿರಳೆ ಇವೆಯಾ!

ಮೇಡಂ ಮುಖ ಕೆಂಪಾಯಿತು. "ಏಂಟಂಡೀ ಆ ಮಾಟ! ಮಾ ಇಂಟ್ಲೋನಾ? ಎವರು ಚೆಪ್ಪಾರು ಮೀಕು?" ಇದೆಂಥ ಮಾತು, ನಮ್ಮ ಮನೆಯಲ್ಲಾ, ಯಾರು ಹೇಳಿದರು ನಿಮಗೆ ಎಂದು ಕೇಳುವಾಗ ಆಕೆಯ ಕಣ್ಣು ನೇರವಾಗಿ ನನ್ನ ಮೇಲೆ!

ಮಾವನವರು ಶಾಂತವಾಗಿ ಎರಡು ಬೆರಳೆತ್ತಿದರು. "ಕಾವಾಲಿ. ರೆಂಡು. ಪ್ರಾಣಂತೋ." ಬೇಕು, ಎರಡು, ಜೀವಸಹಿತ.

ನಾನು ಓಡಿ ಹೋಗಿ, ಕೈಮುಗಿದು, ವಿಷಯವನ್ನೆಲ್ಲ ವಿವರಿಸಿದೆ. ಮೇಡಂ ಗಟ್ಟಿಯಾಗಿ ನಗತೊಡಗಿದರು. ಆಕೆ ಪಾಠ ಮಾಡುವುದು ಪ್ರಾಣಿಶಾಸ್ತ್ರ! ಅವರ ಕಾಲೇಜಿನಲ್ಲಿ ಹುಡುಗರು ಕುಯ್ಯುವುದೇ ಜಿರಳೆಯನ್ನು! ಅಂದಿನಿಂದ ಮಂಗಳವಾರ, ಶುಕ್ರವಾರ ಸಂಜೆ ಒಂದು ಜಾಡಿಯಲ್ಲಿ ಎರಡೆರಡು ಕೊಬ್ಬಿದ ಜಿರಳೆಗಳು ಗೋಣಿದಾರದಿಂದ ಬಾಯಿ ಕಟ್ಟಿಸಿಕೊಂಡು ನಮ್ಮ ಮನೆಗೆ ಬರತೊಡಗಿದವು. ವಾಪಸ್ ಹೋಗುವಾಗ ಜಾಡಿ ಬರಿದಾಗಿ ಹೋಗಬಾರದಲ್ಲ, ಅದು ಮರ್ಯಾದೆಯಲ್ಲ. ಅದನ್ನು ಬಿಸಿನೀರಿನಲ್ಲಿ ಮೂರು ಸಲ ತೊಳೆದು ನಾನು ಚಕ್ಕುಲಿ ತುಂಬಿ ಕಳಿಸುತ್ತಿದ್ದೆ. ಆ ಚಕ್ಕುಲಿಯನ್ನು ಆಕೆ ಏನು ಮಾಡುತ್ತಿದ್ದರೋ, ನಾನು ಕೇಳಲಿಲ್ಲ.

ಒಂದು ಬೆಳಿಗ್ಗೆ ಪೆಟ್ಟಿಗೆ ಖಾಲಿ! ಹಿಂದಿನ ದಿನ ಇಸ್ತ್ರಿ ಮಾಡಿದವಳು ನಾನೇ, ಇಸ್ತ್ರಿ ಪೆಟ್ಟಿಗೆಯನ್ನು ಮತ್ತೆ ಮುಚ್ಚಳದ ಮೇಲಿಡುವುದನ್ನು ಮರೆತವಳೂ ನಾನೇ. ನಾನು ಊಟದ ಮೇಜಿನ ಮೇಲೆ ಕಾಲು ಮಡಿಸಿ ಕೂತೆ. ಮಾವನವರು ನೆಲದ ಮೇಲೆ ಅಂಗೈ ಊರಿ "ಪಾರ್ಟೀ... ಪಾರ್ಟೀ..." ಎಂದು ಹುಡುಕಿದರು. ಕೊನೆಗೆ ಸಿಕ್ಕಿದ್ದು ಎಲ್ಲಿ? ನನ್ನ ದಿನಚರಿಯ ಹಾಳೆಯ ಮೇಲೆ! ಏಳು ಗಂಟೆಯ ಸಾಲಿನಿಂದ ಒಂಬತ್ತೂವರೆಯ ಸಾಲಿನವರೆಗೆ ಕಾಲು ಚಾಚಿ ಕೂತಿತ್ತು. ಆ ದಿನ ಏಳರ ನಂತರ ನಾನೇನು ಮಾಡಬೇಕು ಎಂದು ನನಗೇ ತಿಳಿಯಲಿಲ್ಲ. ಬ್ಯಾಂಕಿಗೆ ಇಪ್ಪತ್ತು ನಿಮಿಷ ತಡವಾಗಿ ಹೋದೆ. ಏಕೆಂದು ಕೇಳಿದ ಮ್ಯಾನೇಜರಿಗೆ ನಿಜವನ್ನು ಹೇಳುವುದಾದರೂ ಹೇಗೆ?

ಹೀಗೆ ನಾಲ್ಕು ವಾರ ಕಳೆಯಿತು. ಪಾರ್ಟಿ ಏಳು ಕಾಲಿನಲ್ಲಿ ಚೆನ್ನಾಗಿಯೇ ಓಡಾಡುತ್ತಿತ್ತು. ಇನ್ನೊಂದು ಭಾನುವಾರ ಗುಡ್ಡಕ್ಕೆ ಬಿಟ್ಟು ಬರೋಣ ಎಂದುಕೊಳ್ಳುವಷ್ಟರಲ್ಲಿ ಅದು ಊಟ ಬಿಟ್ಟಿತು. ಜಿರಳೆ ಪಕ್ಕದಲ್ಲಿ ನಡೆದರೂ ತಿರುಗಿ ನೋಡದು. ಬಣ್ಣ ಮಂಕಾಯಿತು. ದಿನವೆಲ್ಲ ಒಂದೇ ಮೂಲೆ. ಎಂಟು ದಿನ, ಹತ್ತು ದಿನ. ಕೇಳೋಣವೆಂದರೆ ಮೇಡಂ ಊರಲ್ಲಿಲ್ಲ, ಪರೀಕ್ಷೆಯ ಉತ್ತರಪತ್ರಿಕೆ ತಿದ್ದಲು ವಿಜಯವಾಡಕ್ಕೆ ಹೋಗಿದ್ದರು. ಮಾವನವರು ಸಂಜೆಯ ತಿಂಡಿ ಬಿಟ್ಟರು. ಎರಡನೆಯ ಕಾಫಿ ಬಿಟ್ಟರು. ಆಮೇಲೆ ರಾತ್ರಿಯ ಅನ್ನವೂ ಅರ್ಧವಾಯಿತು.

"ಹೀಗೆ ಮಾಡಿದ್ರೆ ಹೇಗೆ ಮಾವ? ಒಂದು ಜೇಡಕ್ಕೋಸ್ಕರ..."

"ಹಸಿವಿಲ್ಲ" ಎಂದರು. ಒಂದೇ ಪದ. ಅದೂ ಸುಳ್ಳು.

ಹನ್ನೊಂದನೆಯ ಬೆಳಿಗ್ಗೆ ಐದೂ ಇಪ್ಪತ್ತಕ್ಕೆ ಅವರ ಕೋಣೆಯಿಂದ ಸದ್ದಿಲ್ಲ. ಹೋಗಿ ಇಣುಕಿದೆ. ಮಾವನವರು ಪೆಟ್ಟಿಗೆಯ ಮುಂದೆ ಕೂತಿದ್ದರು. ಒಳಗೆ ತೆಳ್ಳನೆಯ ಬಿಳಿ ಬಲೆಯ ಚಾಪೆಯ ಮೇಲೆ ಪಾರ್ಟಿ ಅಂಗಾತ ಬಿದ್ದಿತ್ತು. ಕಾಲುಗಳು ಆಕಾಶಕ್ಕೆ.

ಅಯ್ಯೋ ಅನ್ನಿಸಿತು ನಿಜ. ಆದರೆ ಗಂಟೆ ಐದೂವರೆ, ಅದು ಕಸದ ಹೊತ್ತು! ನಾನು ಮೊರದೊಂದಿಗೇ ಬಂದಿದ್ದೆ.

"ಕೊಡಿ ಮಾವ. ಸತ್ತದ್ದನ್ನ ಮನೆಯಲ್ಲಿ ಇಟ್ಕೋಬಾರದು."

ಅವರು ಮೊರದ ಅಂಚನ್ನು ಹಿಡಿದುಕೊಂಡರು. "ಬಾಗಿಲು ತೆಗೀಲಿಲ್ಲ ಅಂತ ತಾರು ವಾಪಸ್ ಕಳಿಸಲ್ಲ. ಇನ್ನೊಂದು ಸಲ ತಟ್ಟಿ ನೋಡಬೇಕು."

ಹತ್ತು ಪದ! ನಾನು ಎಣಿಸಿದೆ. ಆ ಮನುಷ್ಯನ ಬಾಯಲ್ಲಿ ಒಟ್ಟಿಗೆ ಹತ್ತು ಪದ ಕೇಳಿ ಹೆದರಿದೆ ಎಂದೇ ಹೇಳಬೇಕು. "ಸಂಜೆ ಐದೂವರೆವರೆಗೆ" ಎಂದು ಗಡುವು ಕೊಟ್ಟು, ಮೊರವನ್ನು ಬಾಗಿಲ ಹಿಂದೆ ಸಿದ್ಧವಾಗಿಟ್ಟು ಬ್ಯಾಂಕಿಗೆ ಹೋದೆ.

ಸಂಜೆ ಬಂದರೆ ಮನೆಯಲ್ಲಿ ಮಾವನವರಿಲ್ಲ. ಮೊರ ತೆಗೆದುಕೊಂಡು ಅವರ ಕೋಣೆಗೆ ಹೋಗಿ ಪೆಟ್ಟಿಗೆಯ ಮುಚ್ಚಳ ಎತ್ತಿದೆ.

ಎರಡು! ಒಂದಿದ್ದ ಕಡೆ ಎರಡು ಜೇಡ! ಒಂದು ಬಲೆಯ ಮೇಲೆ ಕದಲದೆ ಕೂತಿತ್ತು. ಇನ್ನೊಂದು ಪಕ್ಕದಲ್ಲಿ ಹೊಚ್ಚ ಹೊಸದಾಗಿ ಮಿನುಗುತ್ತಿತ್ತು. ನಾನು ಕುರ್ಚಿ ಹುಡುಕಿಕೊಂಡು ಕೂತೆ. ಮೊರ ಮಡಿಲಲ್ಲೇ ಇತ್ತು.

ಮಾವನವರು ಬಂದರು. ಕೈಯಲ್ಲಿ ಕಲ್ಲುಸಕ್ಕರೆಯ ಪೊಟ್ಟಣ. ಮುಖದಲ್ಲಿ ಬೆಳಕು. "ಹೆರಿಗೆ ಆಯ್ತು!"

"ಮಾವ, ತಾಯಿಯಷ್ಟೇ ದೊಡ್ಡ ಮಗು ಎಲ್ಲಾದರೂ ಹುಟ್ಟುತ್ತಾ?"

"ನಮ್ಮ ಪಾರ್ಟಿ ಗಟ್ಟಿ" ಎಂದು ಕಲ್ಲುಸಕ್ಕರೆ ಕೊಟ್ಟರು.

"ಎಲ್ಲಿಗೆ ಹೋಗಿದ್ರಿ?"

"ತಾರು ಕಚೇರಿ. ಅವನಿಗೆ ತಿಳಿಸಿದೆ."

ಅವನಿಗೆ ಎಂದರೆ ವಿಜಯವಾಡದಲ್ಲಿದ್ದ ಮಗನಿಗೆ. ಒಳ್ಳೆಯದೇ ಆಯಿತು ಎಂದುಕೊಂಡು ನಾನು ಅಡುಗೆಮನೆಗೆ ಹೋದೆ. ಹೆಂಗಸರಿಗೆ ಮುನ್ಸೂಚನೆ ಸಿಗುತ್ತದೆ ಎನ್ನುವವರ ಮಾತನ್ನು ಅಂದಿನಿಂದ ನಾನು ನಂಬುವುದಿಲ್ಲ.

ಮರುದಿನ ಬೆಳಿಗ್ಗೆ ವಿಜಯವಾಡದ ಬ್ರಾಂಚಿನಲ್ಲಿ ನಮ್ಮ ಯಜಮಾನರ ಮೇಜಿನ ಮೇಲೆ ಬಂದು ಬಿದ್ದದ್ದು ಇಷ್ಟು: "ಡೆಲಿವರಿ ನಾರ್ಮಲ್ ಬೋತ್ ಸೇಫ್." ನಾಲ್ಕೇ ಪದ! ಕಳಿಸಿದ್ದು ಯಾರು, ಹೆತ್ತದ್ದು ಯಾರು, ಒಂದೂ ಇಲ್ಲ. ಮೊದಲು ಓದಿದವನು ಪಕ್ಕದ ಮೇಜಿನ ಗುಮಾಸ್ತ. ಯಜಮಾನರು ಕನ್ನಡಕ ಹುಡುಕುವಷ್ಟರಲ್ಲಿ ಇಡೀ ಬ್ರಾಂಚು ಕೈಕುಲುಕಿತ್ತು. ಕೈಕುಲುಕಿದ ಮೇಲೆ ತರಾಟೆಗೂ ತೆಗೆದುಕೊಂಡಿತು. "ಪ್ರತಿ ಶನಿವಾರ ವೈಜಾಗ್ ವೆಳ್ತಾರು ಕದಾ ಸಾರ್! ಏಮೀ ಗಮನಿಂಚಲೇದಾ?" ಪ್ರತಿ ಶನಿವಾರ ಹೋಗಿ ಬರುವ ಗಂಡ ಏನನ್ನೂ ಗಮನಿಸಿಲ್ಲ ಎಂದರೆ ಏನರ್ಥ!

ಅವರಿಗೂ ಸಂಶಯ ಬಂತಂತೆ. ಹಾಗೇನಾದರೂ ಇದ್ದಿದ್ದರೆ ಹಾಳೆಯಲ್ಲಿ ಬರೆದಿರುತ್ತಿದ್ದಳಲ್ಲ ಎಂದು ಯೋಚಿಸಿದರಂತೆ! ಆದರೂ ಮದುವೆಯಾಗಿ ಮೂರು ವರ್ಷದಿಂದ ಆ ಸುದ್ದಿಗೆ ಕಾದಿದ್ದ ಮನುಷ್ಯ. ಸಿಕ್ಕ ರೈಲು ಹತ್ತಿ ರಾತ್ರಿ ಎಂಟಕ್ಕೆ ಮನೆ ಬಾಗಿಲಲ್ಲಿ ನಿಂತಿದ್ದರು. ಒಂದು ಕೈಯಲ್ಲಿ ಕಿತ್ತಳೆ ಹಣ್ಣಿನ ಬುಟ್ಟಿ, ಇನ್ನೊಂದರಲ್ಲಿ ಅಂಗೈಯಗಲದ ಹಳದಿ ಅಂಗಿ. ಬಾಗಿಲು ತೆಗೆದ ನಾನು ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು, ನೆಲ ಒರೆಸುವ ಬಟ್ಟೆ ಹಿಡಿದಿದ್ದೆ.

"ನೀನ್ಯಾಕೆ ಎದ್ದೆ? ಮಲಗು!" ಎಂದರು.

"ಎಂಟು ಗಂಟೆಗೆ ಯಾರಾದ್ರೂ ಮಲಗ್ತಾರಾ?" ಎಂದೆ.

ವಿಷಯ ಬಿಡಿಸಿಕೊಳ್ಳಲು ಹತ್ತು ನಿಮಿಷ ಬೇಕಾಯಿತು. ಯಜಮಾನರು ಕಿತ್ತಳೆ ಬುಟ್ಟಿಯ ಮೇಲೇ ಕೂತುಬಿಟ್ಟರು.

"ಅಪ್ಪ, ಜೇಡ ಅಂತ ಒಂದು ಪದ ಸೇರಿಸಿದ್ರೆ ಏನಾಗ್ತಿತ್ತು?"

ಮಾವನವರಿಗೆ ನಿಜವಾಗಿಯೂ ಆಶ್ಚರ್ಯ. "ರೋಗಿ ಒಬ್ಬರೇ. ಗೊತ್ತಿರೋದನ್ನ ಯಾಕೆ ಬರೀಬೇಕು?"

ಮೇಡಂ ವಾಪಸ್ ಬಂದ ಮೇಲೆ ಗುಟ್ಟು ರಟ್ಟಾಯಿತು. ಮಗುವೂ ಇಲ್ಲ, ಹೆರಿಗೆಯೂ ಇಲ್ಲ. ಈ ಜಾತಿಯ ಜೇಡ ಹಾವಿನ ಹಾಗೆ ಪೊರೆ ಬಿಡುತ್ತದೆ. ಬಿಡುವ ಮುಂಚೆ ಊಟ ನಿಲ್ಲಿಸುತ್ತದೆ, ಅಂಗಾತ ಮಲಗುತ್ತದೆ, ಹಳೆಯ ಮೈಯಿಂದ ಹೊಸ ಮೈಯಾಗಿ ಹೊರಗೆ ಬರುತ್ತದೆ. ಬಲೆಯ ಮೇಲೆ ಕೂತಿದ್ದದ್ದು ಬರೀ ಖಾಲಿ ಅಂಗಿ! ಅದಕ್ಕೆ ಏಳೇ ಕಾಲು. ಹೊಸ ಪಾರ್ಟಿಗೆ? ಎಂಟು! ಮುರಿದ ಜಾಗದಲ್ಲಿ ಸಣ್ಣಗೆ, ಬಿಳಿಚಿಕೊಂಡು, ಒಂದು ಹೊಸ ಕಾಲು ಹುಟ್ಟಿತ್ತು. ಅಂಗಾತ ಮಲಗಿದ್ದಾಗ ಯಾರಾದರೂ ಕದಲಿಸಿದ್ದರೆ ಖಂಡಿತ ಸತ್ತೇಹೋಗುತ್ತಿತ್ತು ಎಂದರು ಮೇಡಂ. ನಾನು ಬಾಗಿಲ ಹಿಂದಿನ ಮೊರವನ್ನು ನೋಡಲಿಲ್ಲ.

ಖಾಲಿ ಪೊರೆಯನ್ನು ಕಾಲೇಜಿಗೆ ಕೊಡಿ ಎಂದು ಕೇಳಿದರು. "ಇಲ್ಲ" ಎಂದರು ಮಾವನವರು. ಎಲ್ಲಿ ಬಚ್ಚಿಟ್ಟರೋ ಗೊತ್ತಾಗಲಿಲ್ಲ.

ಮೈ ಗಟ್ಟಿಯಾಗಲು ಇನ್ನೆರಡು ವಾರ ಕೊಟ್ಟು, ಒಂದು ಭಾನುವಾರ ಬೆಳಿಗ್ಗೆ ಮಿಕ್ಸಿ ಪೆಟ್ಟಿಗೆಯನ್ನು ಎದೆಗೆ ಅವಚಿಕೊಂಡು ಮಾವನವರು ಗುಡ್ಡ ಹತ್ತಿದರು. ಹಿಂದೆ ನಾನು, ನನ್ನ ಹಿಂದೆ ಯಜಮಾನರು. ಪೊಟರೆಯಿದ್ದ ಒಂದು ಮರದ ಬುಡದಲ್ಲಿ ಪೆಟ್ಟಿಗೆ ಓರೆ ಮಾಡಿದರು. ಪಾರ್ಟಿ ನಿಧಾನವಾಗಿ ಹೊರಗೆ ಬಂದು, ಹೊಸ ಕಾಲನ್ನು ತೊಗಟೆಯ ಮೇಲೆ ಒಮ್ಮೆ ಊರಿ ನೋಡಿತು. ಆಮೇಲೆ ಸರಸರನೆ ಹತ್ತಿ ಮರೆಯಾಯಿತು. "ಹೋಗು. ತಿರುಗಿ ನೋಡಬೇಡ" ಎಂದರು ಮಾವನವರು. ಎಂಟು ಕಣ್ಣಿರುವ ಪ್ರಾಣಿ ತಿರುಗಿ ಬೇರೆ ನೋಡಬೇಕೆ!

ಆರು ತಿಂಗಳಿಗೆ ನನಗೂ ವಿಜಯವಾಡಕ್ಕೇ ವರ್ಗವಾಯಿತು. ಎಲ್ಲ ಸಾಮಾನೂ ಅದರದರ ಪೆಟ್ಟಿಗೆಯಲ್ಲಿ ಬಂತು, ಮಿಕ್ಸಿ ಮಾತ್ರ ನನ್ನ ಮಡಿಲಲ್ಲಿ ಕೂತು ಬಂತು. ಮೂವರೂ ಒಂದೇ ಮನೆಯಲ್ಲಿದ್ದೆವು. ಆ ಊರಿನ ಬಿಸಿಲು ಕಂಡವರಿಗೆ ಹೇಳಬೇಕಿಲ್ಲ. ಮೊದಲ ಬೇಸಿಗೆಯಲ್ಲೇ ನನಗೆ ಟೈಫಾಯಿಡ್ ಹಿಡಿಯಿತು.

ಹಾಸಿಗೆ ಹಿಡಿದು ಗೋಡೆಯ ಹಾಳೆಯನ್ನು ನೋಡುತ್ತ ನಾನು ಒದ್ದಾಡಿದೆ. ಐದಾಯಿತು, ಐದೂ ಕಾಲಾಯಿತು, ಏಳಬೇಕು, ಕಸ ಹಾಗೇ ಬಿದ್ದಿದೆ! ಮಾವನವರು ಬಂದು ಹಾಳೆಯನ್ನು ಗೋಡೆಯಿಂದ ತೆಗೆದು, ಮಡಿಸಿ, ಜೇಬಿಗೆ ಹಾಕಿಕೊಂಡರು. ಕಿಟಕಿಗೆ ಕಪ್ಪು ಕಂಬಳಿ ಕಟ್ಟಿದರು. ಕೈಗೆಟುಕುವ ಹಾಗೆ ನೀರಿಟ್ಟರು. ಬಾಗಿಲ ಹೊರಗೆ ಕುರ್ಚಿ ಹಾಕಿಕೊಂಡು ಕೂತರು. ಬ್ಯಾಂಕಿನವರು ಬಂದರು, ನೆಂಟರು ಬಂದರು, ಎಲ್ಲರಿಗೂ ಒಂದೇ ಮಾತು: "ಮುಟ್ಟಬೇಡಿ. ಕದಲಿಸಬೇಡಿ. ಬೆಳಕು ಬೇಡ." ಎಲ್ಲೋ ಕೇಳಿದ ಹಾಗಿದೆಯಲ್ಲ ಎಂದು ಜ್ವರದ ಮಂಪರಿನಲ್ಲೂ ಅನ್ನಿಸಿತು. ನಾಲ್ಕನೆಯ ದಿನ ನೆನಪಾಯಿತು. ಪುಣ್ಯಕ್ಕೆ ಮಂಗಳವಾರ, ಶುಕ್ರವಾರ ಜಾಡಿ ಬರಲಿಲ್ಲ!

ಮೂರು ವಾರಕ್ಕೆ ಜ್ವರ ಇಳಿಯಿತು. ಆಮೇಲೆ ಕೂದಲು ಉದುರತೊಡಗಿತು. ಸೊಂಟ ಮುಟ್ಟುವ ಜಡೆ ನನ್ನದು. ಒಂದು ಬೆಳಿಗ್ಗೆ ಬಾಚಣಿಗೆ ಎಳೆದರೆ ಹಿಡಿಹಿಡಿಯಾಗಿ ಕೈಗೆ ಬಂತು. ವಸತಿ ಶಾಲೆಯಲ್ಲೂ ಅಳದವಳು ಆ ದಿನ ದಿಂಬಿಗೆ ಮುಖ ಹಚ್ಚಿ ಅತ್ತೆ.

ಮಾವನವರು ಬಂದು ಮಂಚದ ಅಂಚಿನಲ್ಲಿ ಕೂತರು. ಜೇಬಿನಿಂದ ಹಳೆಯ ಕನ್ನಡಕದ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದರು. ಒಳಗೆ ಹತ್ತಿಯ ಮೇಲೆ, ಗಾಳಿಗೆ ಹಾರಿ ಹೋಗುವಷ್ಟು ಹಗುರವಾಗಿ, ಆ ಪೊರೆ. ಏಳು ಕಾಲು.

"ಇದನ್ನ ನೋಡಿ ನೀನು ಅವತ್ತು ಸತ್ತಿದೆ ಅಂದೆ" ಎಂದರು. "ನಾನೂ ಹಾಗೇ ಅಂದ್ಕೊಂಡಿದ್ದೆ ಕಣಮ್ಮ, ಹೇಳಲಿಲ್ಲ ಅಷ್ಟೆ. ನಿಮ್ಮತ್ತೆ ಮಲಗಿದ್ದಾಗ ನಾನು ಬೇಗ ಕೈಬಿಟ್ಟೆ, ಡಾಕ್ಟರು ಹೇಳಿದ್ದಕ್ಕಿಂತ ಮುಂಚೆಯೇ. ಅದಕ್ಕೆ ಇದರ ಮುಂದೆ ಹಟ ಹಿಡಿದು ಕೂತೆ. ನೋಡು, ಉದುರೋದೆಲ್ಲ ಹಳೇದು. ಅದು ಉದುರಲಿ, ಅಳಬೇಡ. ನೀನು ಒಳಗೆ ಇದ್ದೀಯ, ನನಗೆ ಗೊತ್ತು, ನಿಧಾನಕ್ಕೆ ಬಾ, ನಾನು ಬಾಗಿಲಲ್ಲೇ ಇರ್ತೀನಿ..."

ನಾನು ಅಭ್ಯಾಸದಂತೆ ಪದಗಳನ್ನು ಎಣಿಸುತ್ತಿದ್ದೆ. ಇಪ್ಪತ್ತರ ಹತ್ತಿರ ಎಲ್ಲೋ ಲೆಕ್ಕ ತಪ್ಪಿತು. ಅವರು ಇನ್ನೂ ಮಾತಾಡುತ್ತಲೇ ಇದ್ದರು.